ಅಣ್ಣನ ಅಳತೆ

ಸದಾನೀರಾ ನದಿಯ ದಂಡೆಯ ಊರುಗಳಲ್ಲಿ ಯಾರು ಯಜ್ಞಕ್ಕೆ ಕೂತರೂ ವೇದಿ ಅಳೆಯುವ ಹಗ್ಗ ಹಿಡಿಯಲು ಸುತ್ವನೇ ಬರಬೇಕು. ಮುಂಜದ ಹುಲ್ಲನ್ನು ತಾನೇ ಕೊಯ್ದು, ತಾನೇ ಹೊಸೆಯುತ್ತಿದ್ದ. ಇಬ್ಬನಿ ಪೂರ್ತಿ ಆರುವವರೆಗೆ ಗೂಟಕ್ಕೆ ಕೈ ಹಾಕುತ್ತಿರಲಿಲ್ಲ. ಎಳೆದು ಕಟ್ಟಿದ ಹಗ್ಗವನ್ನು ಒಮ್ಮೆ ಬೆರಳಿನಿಂದ ಮೀಟಿ, ಕಿವಿಗೊಟ್ಟು ಕೇಳಿ, ಆಮೇಲೆ ತಲೆಯಾಡಿಸುವುದು ಅವನ ರೂಢಿ. ಮದುವೆ ಮಾಡಿಕೊಳ್ಳಲಿಲ್ಲ. ಕೆಲಸವಿಲ್ಲದ ದಿನ ಅಣ್ಣ ಬಭ್ರುವಿನ ಮನೆಯಲ್ಲಿ ಮೊಸರು ಕಲಸಿದ ಜವೆಗೋಧಿಯ ಗಂಜಿ ಕುಡಿದು, ಅಣ್ಣನ ಗೇಲಿ ಕೇಳಿಕೊಂಡು ಇರುತ್ತಿದ್ದ.

ವಿದ್ಯೆ ತಂದೆಯಿಂದ ಬಂದದ್ದು. ತಂದೆ ಅಂಗಳದಲ್ಲಿ ಪುಟ್ಟ ಚೌಕ ಇಟ್ಟಿಗೆಗಳನ್ನು ಜೋಡಿಸಿ ತೋರಿಸಿದ್ದರು. ಒಂದು ಬದಿಗೆ ಮೂರು ಇಟ್ಟಿಗೆಯುದ್ದ, ನೇರ ಮೂಲೆಯಲ್ಲಿ ತಿರುಗಿ ಇನ್ನೊಂದು ಬದಿಗೆ ನಾಲ್ಕು. ತುದಿಯಿಂದ ತುದಿಗೆ ಅಡ್ಡ ಹಗ್ಗ ಎಳೆದರೆ ಸರಿಯಾಗಿ ಐದು. "ಮೂರರ ಚೌಕ ತುಂಬೋ ಇಟ್ಟಿಗೆ, ನಾಲ್ಕರ ಚೌಕ ತುಂಬೋ ಇಟ್ಟಿಗೆ, ಎರಡನ್ನೂ ಒಟ್ಟು ಮಾಡು ಮಗಾ. ಐದರ ಚೌಕ ತುಂಬಿಹೋಗತ್ತೆ. ಒಂದೂ ಮಿಗಲ್ಲ, ಒಂದೂ ಸಾಲದೇ ಬರಲ್ಲ." ಸುತ್ವ ಅದನ್ನು ಕೆಡವಿ ಕೆಡವಿ ಮತ್ತೆ ಜೋಡಿಸಿದ. ಎರಡು ಬದಿ ಗೊತ್ತಿದ್ದರೆ ಮೂರನೆಯದನ್ನು ಅಳೆಯಲೇಬೇಕಿಲ್ಲ! ಆ ಬೆರಗು ಅವನನ್ನು ಬಿಟ್ಟುಹೋಗಲಿಲ್ಲ. ಬರಬರುತ್ತ ಅದೇ ಹೆಮ್ಮೆಯೂ ಆಯಿತು.

"ಇವನು ಕೊಂಬು ನೋಡ್ತಾನೆ, ಬಾಲ ನೋಡ್ತಾನೆ, ಹಸು ಎಷ್ಟು ಹಾಲು ಕೊಡತ್ತೆ ಅಂತ ಹೇಳಿಬಿಡ್ತಾನೆ," ಎಂದು ಬಭ್ರು ಬಂದವರ ಮುಂದೆಲ್ಲ ಹೇಳುತ್ತಿದ್ದ. "ಕೆಚ್ಚಲು ಮಾತ್ರ ಮುಟ್ಟಲ್ಲ."

ವೇದಿಗೆ ಅಳತೆಗೋಲು ಯಜ್ಞ ಮಾಡಿಸುವ ಯಜಮಾನನ ಮೈಯೇ. ಅವನು ಎರಡೂ ಕೈ ಎತ್ತಿ ನಿಂತಾಗ ಬೆರಳತುದಿ ಎಲ್ಲಿ ಮುಟ್ಟುತ್ತದೆಯೋ ಅಲ್ಲಿಗೆ ಬಿದಿರು ಕತ್ತರಿಸಬೇಕು. ಆ ಆಳುದ್ದದ ಬದಿಯಿರುವ ಚೌಕಗಳು ಏಳೂವರೆಯಾದರೆ ಗಿಡುಗದ ರೂಪದ ಮೊದಲ ವೇದಿ. ಹೀಗೆ ಕಟ್ಟಿದ ಗಿಡುಗವೇ ಮುಂದಿನ ಲೋಕದಲ್ಲಿ ಯಜಮಾನನಿಗೆ ಮೈಯಾಗಿ ಸಿಗುತ್ತದೆ. ಬಭ್ರು ಹರೆಯದಲ್ಲಿ ಮೊದಲ ವೇದಿ ಕಟ್ಟಿಸಿದಾಗ ಅವನ ಬೆರಳತುದಿ ಮುಟ್ಟಲು ಸುತ್ವ ಒರಳು ಹತ್ತಬೇಕಾಗಿತ್ತು.

ಆಮೇಲೆ ಬಹಳ ವರ್ಷಕ್ಕೆ ಒಂದು ಹೋರಿ ಬಭ್ರುವನ್ನು ಕಂಬಕ್ಕೆ ಒತ್ತಿತು. ಬಲಭುಜ ಮುರಿದು, ಕೂಡಿಕೊಂಡರೂ ಕೈ ಎದೆಯ ಮೇಲಕ್ಕೆ ಏಳದಾಯಿತು. ಬೆನ್ನೂ ಬಾಗಿತು. ಆಗಲೇ ಅವನಿಗೆ ಎರಡನೆಯ ವೇದಿಯ ಆಸೆ ಹತ್ತಿದ್ದು. "ಮಳೆ ನಿಲ್ಲಲಿ, ಹಗ್ಗ ತಾ," ಎಂದು ತಮ್ಮನಿಗೆ ಹೇಳಿದ. ಸುತ್ವ ಹುಲ್ಲಿಗೆಂದು ಹೊಳೆಯಾಚೆ ಹೋದವನು ನೆರೆ ಇಳಿಯುವವರೆಗೂ ಅಲ್ಲೇ ಉಳಿದ.

ಎರಡನೆಯ ವೇದಿ ಒಂದು ಚೌಕದಷ್ಟು ದೊಡ್ಡದಾಗಬೇಕು, ರೂಪ ಕೆಡಬಾರದು. ಆದ್ದರಿಂದ ಹೆಚ್ಚುವ ಆ ಒಂದು ಚೌಕವನ್ನು ಹಳೆಯ ಏಳೂವರೆಗೂ ಸಮನಾಗಿ ಹಂಚಿ, ಒಂದೊಂದರ ಪಾಲನ್ನೂ ಚೌಕವಾಗಿಸಬೇಕು. ಹಳೆಯ ಚೌಕದ ಬದಿಗೆ, ಹೆಚ್ಚುವ ಪಾಲಿನ ಚೌಕದ ಬದಿಯನ್ನು ನೇರ ಮೂಲೆಯಲ್ಲಿ ಕೂಡಿಸಿ ಅಡ್ಡ ಹಗ್ಗ ಎಳೆದರೆ, ಅದೇ ಹೊಸ ಚೌಕದ ಬದಿ. ಹೊಳೆಯಾಚೆ ಕೂತು ಸುತ್ವ ಅದನ್ನೆಲ್ಲ ಮರಳಿನಲ್ಲಿ ಗೀಚಿ ಮುಗಿಸಿದ್ದ. ಮೊದಲ ವೇದಿಯ ಬಿದಿರು ಅವನ ಬಳಿಯೇ ಇತ್ತು. ಊರೆಲ್ಲ ಸೇರಿರುವಾಗ ಅಣ್ಣ ಎದೆಮಟ್ಟಕ್ಕೆ ಕೈ ಎತ್ತಿ ನಿಲ್ಲುವುದನ್ನು ನೋಡುವುದು ಅವನಿಂದಾಗುತ್ತಿರಲಿಲ್ಲ.

ಅಳತೆಯ ದಿನ ಬಭ್ರು ಹೊದಿಕೆ ಸರಿಸಿ ನಿಂತ. "ಬಾರೋ, ಅಳಿ."

"ಯಾಕಣ್ಣ ಸುಮ್ಮನೆ? ನಿನ್ನ ಅಳತೆ ನನ್ನ ಹತ್ರ ಇದೆಯಲ್ಲ."

"ಅದು ಹಳೇದು ಕಣೋ."

"ಹಳೇದಾದ್ರೇನು? ಮನುಷ್ಯ ಅವನೇ ತಾನೇ?"

"ಅವನೇನಾ? ನಿನ್ನ ಅತ್ತಿಗೇನ ಕೇಳು."

"ಆಗ ಒಂದು ಸಲ ಕರೆದ್ರೆ ಬರ್ತಿದ್ರು," ಎಂದಳು ಬಭ್ರುವಿನ ಹೆಂಡತಿ ಶಾಂಡಿಲಿ. "ಈಗ ಮೂರು ಸಲ ಕೂಗ್ಬೇಕು."

ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ಸುತ್ವ ಹಳೆಯ ಬಿದಿರನ್ನು ನೆಲಕ್ಕಿಟ್ಟು ಮೊದಲ ಗೂಟ ಬಡಿದುಬಿಟ್ಟ. ಬಭ್ರುವಿನ ಬಲಗೈ ಏಳತೊಡಗಿತ್ತು. ಅದು ನಡುವೆ ನಿಂತು, ಗಡ್ಡ ಕೆರೆಯುವುದಕ್ಕೇ ಎದ್ದದ್ದೆಂಬಂತೆ ಗಡ್ಡಕ್ಕೆ ಹೋಯಿತು. ಸುತ್ವ ಅದನ್ನು ಕಂಡ. ಅಣ್ಣ ಅವಮಾನದಿಂದ ಉಳಿದುಕೊಂಡ ಎಂದುಕೊಂಡ.

ವೇದಿ ಸೊಗಸಾಗಿ ಎದ್ದಿತು. ಮೂಲೆಯಿಂದ ಮೂಲೆಗೆ ಎಳೆದ ಕರ್ಣದ ಹಗ್ಗಗಳೆರಡೂ ಒಂದೇ ದನಿಯಲ್ಲಿ ಮಿಡಿದವು. ಬಭ್ರು ಸುತ್ತ ಒಂದು ಬಾರಿ ನಡೆದು ನೋಡಿದ.

"ಯಾರೋ ಎತ್ತರದೋನು ಕಟ್ಟಿಸಿದ್ದು ಕಣೋ ಇದು."

"ನಿನ್ನದೇ ಅಣ್ಣ."

"ಇದರೊಳಗೆ ನಾನೆಲ್ಲಿರ್ಲಿ? ಹೋದ ಮೇಲೆ ನನ್ನನ್ನ ನಾನೇ ಹುಡುಕ್ಕೋಬೇಕು." ನಗುತ್ತಲೇ ಹೇಳಿದ. ತಮ್ಮನೂ ನಕ್ಕ.

ಆ ಚಳಿಗಾಲ ಬಭ್ರು ಕೆಮ್ಮು ಹಿಡಿದು ಮಲಗಿದವನು ಏಳಲಿಲ್ಲ. ಕ್ರಿಯೆಗಳೆಲ್ಲ ಮುಗಿದು ನೆಂಟರು ಚದುರಿದ ಮೇಲೆ ಶಾಂಡಿಲಿ ಜಗಲಿಯಲ್ಲಿ ಜವೆ ಹಸನು ಮಾಡುತ್ತ ಕೂತಿದ್ದಳು. ಸುತ್ವ ಕಂಬಕ್ಕೊರಗಿದ್ದ. ಅವಳು ಮೊರದಿಂದ ಕಣ್ಣೆತ್ತದೆ ಹೇಳಿದಳು:

"ಒಂದು ಸಲ ಅಳೀಬಹುದಿತ್ತು ಕಣಪ್ಪಾ."

"ಜನರೆದುರು ಅವನಿಗೆ ಅವಮಾನ ಆಗತ್ತೆ ಅಂತ, ಅತ್ತಿಗೆ. ಕೈ ಏಳ್ತಿರ್ಲಿಲ್ಲವಲ್ಲ."

"ಏಳ್ತಿತ್ತು."

ಸುತ್ವ ಕಂಬ ಬಿಟ್ಟು ನೆಟ್ಟಗೆ ನಿಂತ.

"ನೀನು ಹೊಳೆಯಾಚೆ ಇದ್ಯಲ್ಲ, ಆ ಮಳೆಗಾಲ ಪೂರ್ತಿ ಕೊಟ್ಟಿಗೆ ಹಿಂದೆ ನಿಂತು ಎತ್ತಿ ಎತ್ತಿ ರೂಢಿ ಮಾಡ್ಕೊಂಡ್ರು. ನಾನು ತುಪ್ಪ ಕಾಯಿಸಿ ತಿಕ್ತಿದ್ದೆ. ಹಲ್ಲು ಕಚ್ಚಿ ಎತ್ತೋರು, ಕಣ್ಣಲ್ಲಿ ನೀರು ಬಂದ್ಬಿಡೋದು. ಮೊದಲು ಕಿವಿ ಮುಟ್ತು. ಆಮೇಲೆ ತಲೆ ದಾಟ್ತು. 'ಸುತ್ವ ನೋಡ್ಲಿ, ಬೆಪ್ಪಾಗಿ ನಿಲ್ತಾನೆ' ಅಂತ ಒಬ್ಬೊಬ್ರೇ ನಗೋರು."

"ನಂಗ್ಯಾಕೆ ಒಂದು ಮಾತು ಹೇಳ್ಲಿಲ್ಲ?"

"ಹೇಳೋದೇನು? ನೀನು ಅಳೀತೀಯ ಅಂದ್ಕೊಂಡಿದ್ವಿ. ನಿನ್ನ ಕೆಲಸ ಅದೇ ಅಲ್ವಾ?"

ಗುಬ್ಬಿಗಳು ಚೆಲ್ಲಿದ ಕಾಳಿಗೆ ಇಳಿದವು. ಅವನ್ನು ಯಾರೂ ಓಡಿಸಲಿಲ್ಲ.

"ಎಲ್ಲೀವರೆಗೆ ಏರ್ತಿತ್ತು, ಅತ್ತಿಗೆ?" ಎಂದು ಸುತ್ವ ಕೊನೆಗೆ ಕೇಳಿದ.

ಶಾಂಡಿಲಿ ಮೊರ ಕೆಳಗಿಟ್ಟು ಎದ್ದಳು. ಗೋಡೆಯಿಂದ ದೂರ, ಅಂಗಳದ ಬಯಲಲ್ಲಿ ನಿಂತು ತನ್ನ ಬಲಗೈ ಎತ್ತಿದಳು. "ಇಲ್ಲಿಗೆ... ಅಲ್ಲ, ಇನ್ನೂ ಒಂಚೂರು ಮೇಲೆ." ಹಿಮ್ಮಡಿ ಎತ್ತಿದಳು. ಬೆರಳುಗಳು ಬರಿಯ ಗಾಳಿಯಲ್ಲಿ ಏನನ್ನೋ ತಡವಿದವು. "ನನಗಿಂತ ಎತ್ತರ ಅಲ್ವಾ ಅವರು." ತೋಳು ಇಳಿಯಿತು. "ಸರಿಯಾಗಿ ನೆನಪಾಗ್ತಿಲ್ಲ ಕಣಪ್ಪಾ. ನಾನು ಮುಖ ನೋಡ್ತಿದ್ದೆ, ಕೈ ನೋಡ್ಲಿಲ್ಲ."

ಅವಳು ಮತ್ತೆ ಕಾಳಿನ ಮುಂದೆ ಕೂತಳು. ಸುತ್ವ ಅಂಗಳಕ್ಕಿಳಿದು, ಅವಳ ಬೆರಳು ಮುಟ್ಟಿದ್ದ ಜಾಗವೆಂದು ತೋರಿದ ಕಡೆ ತಲೆಯೆತ್ತಿ ನೋಡಿದ. ಅಲ್ಲಿ ಎಳೆಬಿಸಿಲು ಮಾತ್ರ ಇತ್ತು.