ಮುರಗೋಡದ ಕಾಕಾ ಕೊಡದ ಕೊಟೇಶನ್

ಗೆಳೆಯರೇ, ನನಗೆ ಅಚ್ಚುಮೊಳೆ ಜೋಡಿಸಲು ಕಲಿಸಿದ ಮುರಗೋಡದ ಕಾಕಾಗೆ ಇವತ್ತು ಸುಳ್ಳು ಹೇಳಿದೆ.

ಸರ್ಕಾರಿ ಕಚೇರಿಯ ಅರ್ಜಿ ಫಾರ್ಮು ಮುದ್ರಿಸಲು ಮೂರು ಪ್ರೆಸ್ಸುಗಳ ಕೊಟೇಶನ್ ಬೇಕು; ಕಡಿಮೆ ದರ ಬರೆದವರಿಗೆ ಆರ್ಡರ್. ಮೂರನ್ನೂ ಒಬ್ಬನೇ ಬರೆದು ಕೊಡುವುದು ನಮ್ಮ ಸವದತ್ತಿಯ ರೂಢಿ. ಕಾಕಾನ ಪ್ರೆಸ್ಸೂ ಸೇರಿ ಉಳಿದೆರಡರ ಲೆಟರ್‌ಹೆಡ್ಡು ಮುದ್ರಿಸಿದವನೂ ನಾನೇ ತಾನೆ! ಈ ಸಲ ಅವಸರದಲ್ಲಿ ಕಡಿಮೆ ದರವನ್ನು ನನ್ನ ಹಾಳೆಯ ಬದಲು ಕಾಕಾನ ಹಾಳೆಯ ಮೇಲೆ ಬರೆದುಬಿಟ್ಟಿದ್ದೆ. ಅವರ ಮಷೀನು ನಿಂತು ಎರಡು ವರ್ಷವಾಗಿದೆ.

ಬೆಳಿಗ್ಗೆ ಕಾಕಾ ಬಸ್ಸಿಳಿದು ನೇರ ನನ್ನ ಪ್ರೆಸ್ಸಿಗೆ ಬಂದರು. ಕೈಯಲ್ಲಿ ಕಚೇರಿಯ ಆರ್ಡರ್.

"ನೋಡಪಾ, ಇನ್ನೂ ನನ್ನ ನೆನಪ ಇಟ್ಟಾರ! ಆದ್ರ ಕೊಟೇಶನ್ ಕೊಟ್ಟಿದ್ದ ನನಗ ನೆನಪ ಇಲ್ಲ. ವಯಸ್ಸಾತು."

"ಕೊಟ್ಟಿರಬೇಕ್ರಿ ಕಾಕಾ" ಅಂದೆ.

"ನೀನ ಛಾಪಿಸಿ ಕೊಡು. ಕೆಳಗ ನಮ್ಮ ಪ್ರೆಸ್ಸಿನ ಹೆಸರೊಂದು ಇರಲಿ."

ಅವರು ಹೋದ ಮೇಲೆ ಫಾರ್ಮಿನ ಪ್ರೂಫ್ ತಿದ್ದಲು ಕುಳಿತೆ. ಕೊನೆಯ ಸಾಲು: 'ಮೇಲಿನ ವಿವರಗಳೆಲ್ಲ ಸತ್ಯವೆಂದು ಪ್ರಮಾಣೀಕರಿಸುತ್ತೇನೆ.' ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅದರ ಕೆಳಗೇ ಕಾಕಾನ ಪ್ರೆಸ್ಸಿನ ಹೆಸರು ಹಾಕಿದೆ.