ಡಬ್ಬಿಯೊಳಗಿನ ಹಪ್ಪಳ

ಅವರ ಬನಿಯನ್ನಿನ ಎದೆಯ ತುಂಬ ಸಣ್ಣ ಸಣ್ಣ ತೂತು. ಲೋಹ ಕಡೆಯುವ ಲೇಥ್ ತಿರುಗುವಾಗ ಸಿಡಿದ ಬಿಸಿ ಚೂರುಗಳು ಸುಟ್ಟ ತೂತು ಅವು. ಮೈಗೂ ತಾಗುತ್ತಿದ್ದವು. ಅವರು ಸೊಳ್ಳೆ ಕಡಿದವರಂತೆ ಒರೆಸಿಕೊಂಡು ಕೆಲಸ ಮುಂದುವರಿಸುತ್ತಿದ್ದರು. ಬೀದರಿನಲ್ಲಿ ಲೇಥ್ ಅಂಗಡಿ ಇಟ್ಟಿದ್ದ ಅವರನ್ನು ನಾನು ಮಾಮಾ ಅನ್ನುತ್ತಿದ್ದೆ.

ನನ್ನದು ಬೋರ್‌ವೆಲ್ಲಿಗೆ ಕ್ಯಾಮೆರಾ ಇಳಿಸುವ ಕೆಲಸ. ಮೋಟರ್ ಎಲ್ಲಿ ಸಿಕ್ಕಿಬಿದ್ದಿದೆ, ಪೈಪು ಎಲ್ಲಿ ಒಡೆದಿದೆ ಅಂತ ಮೇಲೆ ಟಿವಿಯಲ್ಲಿ ತೋರಿಸಬೇಕು. ಭಾಲ್ಕಿ, ಔರಾದ್ ಅಂತ ತಿರುಗಿ ತಿರುಗಿ ಸಾಕಾಗಿದೆ. ಇರುವುದು ಒಂದೇ ಕ್ಯಾಮೆರಾ. ಅದನ್ನು ಕೂರಿಸುವ ಡಬ್ಬಿಗೆ ನೀರು ಹೊಕ್ಕರೆ ನನ್ನ ಅನ್ನ ಹೋದಂತೆ. ಆ ಡಬ್ಬಿ ಮಾಡಿಕೊಡುತ್ತಿದ್ದವರು ಮಾಮಾ.

ಮೊದಲ ಸಲ ಅಲ್ಯುಮಿನಿಯಂನದೇ ಬೇಕೆಂದು ಹಟ ಹಿಡಿದೆ. ಹಗ್ಗ ಎಳೆದು ಎಳೆದು ಹೆಗಲು ಬಿದ್ದುಹೋಗಿತ್ತು.

“ಹೆಗಲು ನಿಂದು ನೋಯ್ತದಂತ ಡಬ್ಬಿಗ್ಯಾಕ ಶಿಕ್ಷಾ, ತಮ್ಮಾ? ಸವಳು ನೀರಿಗಿ ಸ್ಟೀಲೇ ಬೇಕು.”

“ಹಗುರ ಆಗಬೇಕ್ರಿ ಮಾಮಾ.”

“ಆಯ್ತು, ಮಾಡ್ಕೊಡ್ತೇನಿ. ಸ್ಟೀಲ್ ಸ್ಕ್ರೂ ಮಾತ್ರ ಹಾಕಬ್ಯಾಡ. ಉಪ್ಪು ನೀರಾಗ ಅಲ್ಯುಮಿನಿಯಂ ತಿಂದು ಹಾಕ್ತದ.”

ಕೇಳಿದೆನೇ? ಒಂದು ಸ್ಕ್ರೂ ಕಳೆದಾಗ ಕೈಗೆ ಸಿಕ್ಕ ಸ್ಟೀಲಿನದನ್ನೇ ಬಿಗಿದೆ. ಚಿಂತಾಕಿಯ ಬೋರಿನಲ್ಲಿ ಟಿವಿ ಫಕ್ಕನೆ ಕಪ್ಪಾಯಿತು. ಡಬ್ಬಿ ತಗೊಂಡು ಹೋಗಿ ಮಾಮಾನ ಮೇಲೇ ಹಾರಾಡಿದೆ. ಅವರು ಸ್ಕ್ರೂ ಸುತ್ತ ಉದುರುತ್ತಿದ್ದ ಬಿಳಿ ಪುಡಿ ತೋರಿಸಿ ನಕ್ಕರು.

“ನೀರು ಹೊಕ್ಕದಂತ ಬಂದು ಬೈತಿಯಲ್ಲ, ಅದು ಚಲೋ. ಉಳಿದವರು ಸುಮ್ಮ ಬ್ಯಾರೆ ಅಂಗಡಿಗಿ ಹೋಗ್ತಾರ.”

ಕ್ಯಾಮೆರಾ ಹೇಗೋ ರಿಪೇರಿ ಮಾಡಿಸಿದೆ. ಆಮೇಲೆ ಡಬ್ಬಿ ಸ್ಟೀಲಿನದೇ. ಮುಂದಿನ ಕಿಂಡಿಗೆ ದಪ್ಪ ಗಾಜು. ಪ್ಲಾಸ್ಟಿಕ್ಕಾದರೆ ಕಲ್ಲಿಗೆ ಉಜ್ಜಿ ಮಬ್ಬಾಗುತ್ತದೆ. ಡಬ್ಬಿ ಕೊಡುವ ಮುಂಚೆ ಅವರದೊಂದು ಪರೀಕ್ಷೆ ಇತ್ತು. ಖಾಲಿ ಡಬ್ಬಿಯಲ್ಲಿ ಕರಿದ ಹಪ್ಪಳದ ತುಂಡಿಟ್ಟು, ಬಿಗಿದು, ನೀರಿನ ಡ್ರಮ್ಮಿನಲ್ಲಿ ಮುಳುಗಿಸುವುದು. ಮರುದಿನ ತೆಗೆದು ಕಿವಿಯ ಹತ್ತಿರ ಹಿಡಿದು ಮುರಿಯುವುದು. ಚಟ್ ಅಂದರೆ ಪಾಸು. ಸ್ವಲ್ಪ ತೇವ ಸೇರಿದರೂ ಹಪ್ಪಳ ಸುಮ್ಮನೆ ಬಾಗುತ್ತದೆ.

ಕೆಲವು ವರ್ಷಕ್ಕೆ ಸಕ್ಕರೆ ಕಾಯಿಲೆ ಅವರ ಬೆರಳುಗಳಿಗೆ ಜೋಮು ಹಿಡಿಸಿತು. ಅಂಗಡಿಗೆ ಯಾರೂ ಬಾರದಂತಾಯಿತು. ಹಳೆಯ ಡಬ್ಬಿ ಸೊಟ್ಟಾದಾಗ ಹೊಸದಕ್ಕೆ ನಾನು ಮಾತ್ರ ಅವರಲ್ಲಿಗೇ ಹೋದೆ. ಒಂದು ದಿನದ ಕೆಲಸಕ್ಕೆ ನಾಲ್ಕು ದಿನ ತೆಗೆದುಕೊಂಡರು. ಹಪ್ಪಳ ಹೊರಗೆ ತೆಗೆದರು, ಮುರಿಯಲು ಬೆರಳು ಕೇಳಲಿಲ್ಲ.

“ನೀನೇ ತಿಂದು ನೋಡು ತಮ್ಮಾ.”

ಬಾಯಿಗೆ ಹಾಕಿಕೊಂಡೆ. ಮೆತ್ತಗೆ, ಒದ್ದೆ ಕಾಗದ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಅಯ್ಯೋ, ಹ್ಯಾಗೆ ಹೇಳಲಿ?

“ಕುರುಕುರು ಅದರಿ ಮಾಮಾ,” ಅಂದೆ.

ಅವರು ತಮ್ಮ ಕಿವಿ ಮುಟ್ಟಿ ತೋರಿಸಿದರು.

“ಕೈ ಹೋಗ್ಯಾವ, ಕಿವಿ ಹೋಗಿಲ್ಲ. ಸಪ್ಪಳ ಎಲ್ಲದ?”

ನಾನು ಬಾಯೊಳಗಿದ್ದದ್ದನ್ನು ನುಂಗಿದೆ.

“ನೀರು ಹೊಕ್ಕದಂತ ಹೇಳಾಂವ ನೀ ಒಬ್ಬ ಅದಿ ಅಂತ ತಿಳಿದಿದ್ದೆ.”

ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಎದ್ದು ಹೋಗಿ ಆ ಡಬ್ಬಿಯನ್ನು ಗುಜರಿಗೆ ಎಸೆದರು, ಲೇಥಿನ ಸ್ವಿಚ್ ಆರಿಸಿದರು. ಅಂಗಡಿಯ ಶಟರ್ ಮತ್ತೆ ಏಳಲಿಲ್ಲ. ಎರಡು ಸಲ ಅವರ ಮನೆಗೆ ಹೋಗಿ ಚಹಾ ಕುಡಿದು ಬಂದೆ. ತಪ್ಪಾಯಿತು ಅಂತ ಮಾತ್ರ ಹೇಳಲಿಲ್ಲ. ಮೂರನೆಯ ಸಲ ಹೋದದ್ದು ಅವರು ತೀರಿಕೊಂಡಾಗ, ಮಣ್ಣಿಗೆ.

ಈಗ ಬೇರೆಯವರು ಮಾಡಿದ ಡಬ್ಬಿ. ಹೋದ ವಾರ ಖಟಕ ಚಿಂಚೋಳಿಯಲ್ಲಿ ಹೊಲದ ಒಡತಿ ಅಜ್ಜಿ ಟಿವಿಯ ಮುಂದೆ ಕೂತು, “ಸಿಕ್ಕೊಂಡ ಮೋಟರ್ ಮ್ಯಾಲ ಬರ್ತದಲ್ಲೋ ಯಪ್ಪಾ?” ಅಂತ ಕೇಳಿದಳು. ಮುಖ ನೋಡಿದರೆ ಹೂಂ ಅನ್ನಬೇಕು, ಹಾಗಿತ್ತು.

“ಬರಂಗಿಲ್ಲವ್ವಾ,” ಅಂದೆ.

ಬಾಯಿಗೆ ಬಂದಂತೆ ಬೈದಳು. ಬೈಸಿಕೊಂಡು ಹಗ್ಗ ಸುತ್ತಿದೆ. ಅವತ್ತು ಮಾಮಾಗೂ ಇಷ್ಟೇ ಹೇಳಬೇಕಾಗಿತ್ತು.