ಹೊಳೆಗೆ ಉಡಿ ತುಂಬಿದ ವಿಡಿಯೋಗಳು

ಮಳೆಗಾಲ ಬಂತೆಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಜಮಖಂಡಿಯ ಮನೆಯ ಮೇಲಿನ ಕೋಣೆಯಲ್ಲಿ ನಾನು ಮಾಡುವ ಕೆಲಸವೆಂದರೆ, ಯಾರು ಬೇಕಾದರೂ ನೋಡಬಹುದಾದದ್ದನ್ನೆಲ್ಲ ನೋಡುವುದು. ಮೇಲಿನ ಜಲಾಶಯಗಳಿಂದ ನೀರು ಬಿಟ್ಟ ಪ್ರಕಟಣೆ, ಸಾಂಗ್ಲಿ ಕಡೆಯ ಮರಾಠಿ ಸುದ್ದಿ, ಜನ ಫೋನಿನಲ್ಲಿ ಹಿಡಿದು ಹಾಕಿದ ವಿಡಿಯೋ. ಅದರಲ್ಲಿನ ಹಳೆಯದನ್ನೂ ಸುಳ್ಳನ್ನೂ ಜಾಡಿಸಿ, ಉಳಿದದ್ದರ ಅರ್ಥ ಬರೆದು, ಬೆಂಗಳೂರಿನಲ್ಲಿ ಪ್ರವಾಹದ ಅಂದಾಜು ಮಾಡುವ ವಿಶ್ಲೇಷಕರಿಗೆ ಕಳಿಸಬೇಕು. ಅವರು ನಕ್ಷೆಯಲ್ಲಿ ಊರೂರಿಗೆ ಅಪಾಯದ ಬಣ್ಣ ಹಚ್ಚುತ್ತಾರೆ. ಕೆಂಪು ಬಿದ್ದ ಊರಿಗೆ ಪರಿಹಾರ ತಂಡದ ದೋಣಿ ಹೋಗುತ್ತದೆ.

ಆ ಸಲ ನನ್ನ ತಳಮಳಕ್ಕೆ ಇನ್ನೊಂದು ಕಾರಣವಿತ್ತು. ಅಕ್ಕ ಚಿಕ್ಕಪಡಸಲಗಿ ಹತ್ತಿರ ಹೊಳೆದಂಡೆಯ ತೋಟದ ಮನೆಯಲ್ಲಿದ್ದಳು. ಅವಳ ಗಂಡ ಲೋಕಾಪುರದಿಂದ ಲಾರಿಗೆ ಸರಕು ಹೇರಿಕೊಂಡು ದೂರ ಹೋಗಿದ್ದರು. ಮನೆಯಲ್ಲಿ ಅವಳು, ಇಂದೋ ನಾಳೆಯೋ ಈಯಲಿದ್ದ ಎಮ್ಮೆ, ಅಷ್ಟೇ.

“ಅಕ್ಕಾ, ಇವತ್ತ ಎಮ್ಮಿ ಕರ್ಕೊಂಡು ಬಂದುಬಿಡು,” ಎಂದು ಫೋನು ಮಾಡಿದೆ.

“ನಾಳೆ ಶುಕ್ರವಾರ ಐತಿ. ಹೊಳಿಗೆ ಉಡಿ ತುಂಬಿ ಬರ್ತೇನಿ. ತುಂಬಿದಾಕಿ ಬಾಗಿಲಿಗೆ ಬಂದಾಳ, ಬೆನ್ನ ತೋರ್ಸಿ ಹ್ಯಾಂಗ ಬರ್ಲಿ?”

ಹೊಳೆ ತುಂಬಿ ಬಂದರೆ ನಮ್ಮ ಕಡೆ ಹೆಣ್ಣುಮಕ್ಕಳು ಬಸುರಿಗೆ ತುಂಬಿದಂತೆಯೇ ಅದಕ್ಕೂ ಉಡಿ, ಅಂದರೆ ಮಡಿಲು, ತುಂಬುತ್ತಾರೆ. ಅಕ್ಕಿ, ತೆಂಗಿನಕಾಯಿ, ರವಿಕೆಗೆಂದು ಕೊಡುವ ಕುಬಸದ ಕಣ ನೀರಿಗೆ ಬಿಡುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಹೊತ್ತಿಗೆ ನನಗೆ ಸಿಟ್ಟು ನೆತ್ತಿಗೇರಿತು. ಫೋನು ಕುಕ್ಕಿ ಇಟ್ಟೆ.

ಹೊಳೆಯ ಮಟ್ಟದ ಸರ್ಕಾರಿ ಲೆಕ್ಕ ಬೆಳಗ್ಗೆಯದು. ಮುಂದಿನದು ಮರುದಿನವೇ. ನಡುವೆ ಬರುತ್ತಿದ್ದದ್ದು ಅಕ್ಕನ ಊರಿನ ಪೂಜೆಯ ವಿಡಿಯೋಗಳು ಮಾತ್ರ. ಹಸಿರು ಸೀರೆ, ನಗು, ಆರತಿ. ಎಷ್ಟು ಸಲ ನೋಡಿದೆನೋ. ಆಮೇಲೆ ಮುಖ ಬಿಟ್ಟು ಕಾಲು ನೋಡತೊಡಗಿದೆ.

ದಂಡೆಯಲ್ಲಿ ಬಟ್ಟೆ ಒಗೆಯುವ ಚಪ್ಪಟೆ ಕಲ್ಲೊಂದಿದೆ. ಮುಂಜಾನೆಯ ವಿಡಿಯೋದಲ್ಲಿ ಹೆಂಗಸರು ಆ ಕಲ್ಲಿಗಿಂತ ಕೆಳಗೆ ನಿಂತಿದ್ದರು. ಆಮೇಲಿನದರಲ್ಲಿ ಕಲ್ಲಿನ ಮೇಲೆಯೇ ನಿಂತಿದ್ದರು. ಮಧ್ಯಾಹ್ನದ್ದರಲ್ಲಿ ಕಲ್ಲೇ ಇರಲಿಲ್ಲ, ಹೆಂಗಸರು ಬೇವಿನ ಮರದ ಬುಡಕ್ಕೆ ಬಂದಿದ್ದರು. ಗುಂಪು ಗುಂಪಾಗಿ ಬಂದು ಹೋಗುವವರಿಗೆ ನೀರು ಏರಿದ್ದು ಗೊತ್ತಾಗುವುದಾದರೂ ಹೇಗೆ? ಮೊನ್ನೆಯ ಗಾಳಿಗೆ ಮುರಿದ ಬೇವಿನ ಕೊಂಬೆ ಮೂರರಲ್ಲೂ ಜೋತಾಡುತ್ತಿತ್ತು. ಹಳೆಯ ವಿಡಿಯೋ ಅಲ್ಲವೆಂದು ಖಾತ್ರಿಯಾಯಿತು.

ಬೆಂಗಳೂರಿನ ವಿಶ್ಲೇಷಕರಿಗೆ ಫೋನು ಮಾಡಿದೆ. “ಜನ ನಗ್ತಾ ಪೂಜೆ ಮಾಡ್ತಿದ್ದಾರಲ್ಲ ಮೇಡಂ,” ಎಂದರು ಅವರು. “ಗಾಬರಿ ಏನೂ ಕಾಣ್ತಿಲ್ಲ. ಹಳದಿಯಲ್ಲೇ ಇರಲಿ.”

“ಸರ, ನಮ್ಮ ಕಡೆ ಹೊಳಿ ಬಂದ್ರ ಮೊದಲ ನಗ್ತಾರ್ರಿ, ಓಡೂದು ಆಮ್ಯಾಲೆ. ಮುಖಾ ಬಿಡ್ರಿ, ಕಾಲ ನೋಡ್ರಿ.”

ಮೂರು ಚಿತ್ರ ಪಕ್ಕಪಕ್ಕ ಇಟ್ಟು, ಕಲ್ಲಿಗೊಂದು ಗೆರೆ ಎಳೆದು ಕಳಿಸಿದೆ. ಆಮೇಲೆ, “ಕೆಂಪು ಹಾಕ್ತೀನಿ,” ಎಂದರು.

ಅವೇ ಚಿತ್ರಗಳನ್ನು ಅಕ್ಕನಿಗೂ ಕಳಿಸಿದೆ. ಮೆಟ್ಟಿಲು ಹತ್ತಿದೆ, ಇಳಿದೆ, ಚಹಾ ಆರಿಹೋಯಿತು. ಕೊನೆಗೆ ಅವಳೇ ಫೋನು ಮಾಡಿದಳು.

“ಮುಂಜಾನೆ ಆ ಕಲ್ಲಿನ ಮ್ಯಾಲೆ ಅರಿವಿ ಒಗ್ದು ಬಂದೇನಿ ಲೇ,” ಎಂದಳು. ಧ್ವನಿ ಸಣ್ಣಗಾಗಿತ್ತು. “ಉಡಿ ಏನ ಮಾಡ್ಲಿ?”

“ಹೊಸ್ತಿಲದ ಮ್ಯಾಲೆ ಇಟ್ಟು ಬಾ. ದಂಡಿಗೆ ಮಾತ್ರ ಹೋಗಬ್ಯಾಡ.”

ಹೊತ್ತು ಮುಳುಗುವ ಮೊದಲು ಟೆಂಪೋದಲ್ಲಿ ಎಮ್ಮೆ ಹೇರಿಸಿಕೊಂಡು ಬಂದಳು. ಒಳಗೆ ಬಂದವಳೇ ಜಗಳ ತೆಗೆದಳು. “ಆ ಕಂಪ್ಯೂಟರ್ ಡಬ್ಬಿ ಮುಂದ ಕುಂತು ಭಾಳ ಶಾಣ್ಯಾಕಿ ಆಗೀದಿ. ನಿನ್ನ ಮಾತ ಕೇಳಿ ಉಡಿ ಹೊಸ್ತಿಲದ ಮ್ಯಾಲೆ ಇಟ್ಟು, ಹೊಳಿನ್ನ ಬರಿ ಉಡಿಲೆ ಬಿಟ್ಟು ಬಂದೆ.” ಆಮೇಲೆ ನನ್ನ ಜೊತೆ ಮಾತು ಬಿಟ್ಟಳು. ಎಮ್ಮೆಗೆ ಮೇವು ಹಾಕಿ ಅದರ ಜೊತೆ ಮಾತಾಡಿದಳು.

ಶುಕ್ರವಾರ ಬೆಳಗ್ಗೆ ದೋಣಿಯಿಂದ ತೆಗೆದ ವಿಡಿಯೋ ಬಂತು. ಅಕ್ಕನ ಮನೆಯ ಹಸಿರು ಬಾಗಿಲು ನನಗೆ ಗುರುತು ಸಿಕ್ಕಿತು. ನೀರು ಹೊಸ್ತಿಲು ದಾಟಿತ್ತು. ಮುಚ್ಚಿಡಬೇಕೆಂದಿದ್ದೆ, ಅವಳು ಫೋನು ಕಸಿದುಕೊಂಡಳು.

“ಒಯ್ದಾಳ ನೋಡು,” ಎಂದಳು. “ತಾನ ಮನಿತನಕ ಬಂದು ಉಡಿ ಒಯ್ದಾಳ.”

ಅವಳ ಮುಖದಲ್ಲಿ ಸಮಾಧಾನ ಕಂಡು ನನಗೂ ಉಸಿರು ಬಂತು. ಅವಳು ಮತ್ತೊಮ್ಮೆ ನೋಡಿದಳು. ದಂಡೆ ಬಂದಲ್ಲಿ ವಿಡಿಯೋ ನಿಲ್ಲಿಸಿದಳು. ಬೇವಿನ ಮರದ ಕೊಂಬೆಗಳಷ್ಟೇ ಕಾಣುತ್ತಿದ್ದವು. ಅದರ ಕೆಳಗಿನ ಕೆಂಪು ನೀರಿನ ಮೇಲೆ ಬೆರಳಿಟ್ಟಳು.

“ಈ ಹೊತ್ತಿಗೆ ನಾ ಇಲ್ಲೇ ನಿಂತಿರ್ತಿದ್ದೆ,” ಎಂದಳು.